ಉಲ್ಕಾನ್ ಓದಿದ ಮೂರನೇ ಪುಸ್ತಕ

"ಬೆಳಗಾಗುವಷ್ಟರಲ್ಲಿ ಅವಳಿಗೆ ಅಭ್ಯಾಸವಾಗಿತ್ತು. ಅತ್ತೆಗೆ ಚಹಾ ಬಗ್ಗಿಸಿಕೊಟ್ಟು ನಾಚುತ್ತ ನಕ್ಕಳು." ಕಾದಂಬರಿಕಾರ ಎಸೆನ್‌ಕುಲ್ ತನ್ನ ಹೊಸ ಪುಸ್ತಕದ ಕೊನೆಯ ಸಾಲುಗಳನ್ನು ರಾಗವೆಳೆದು ಓದಿ ಮುಗಿಸಿದ. ನರಿನ್ ಹೊಳೆಯ ದಂಡೆಯ ಆ ಪುಟ್ಟ ಊರಿನ ಗ್ರಂಥಾಲಯದಲ್ಲಿ ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಉಲ್ಕಾನ್ ಮಾತ್ರ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತೇ ಇದ್ದಳು.

"ಈಗ ಓದುಗರ ಪರವಾಗಿ ನಮ್ಮ ಉಲ್ಕಾನ್ ಅಪಾ ಎರಡು ಮಾತಾಡ್ತಾರೆ" ಎಂದಳು ಗ್ರಂಥಪಾಲಕಿ ಗುಲ್‌ಸಾಯ್ರಾ. ಹಾಲು ಮಾರುವ ಮುದುಕಿ, "ಚೆನ್ನಾಗಿದೆ" ಎಂದು ಹೇಳಿ ಕೂತುಬಿಡುತ್ತಾಳೆ ಎಂಬುದು ಅವಳ ಲೆಕ್ಕಾಚಾರ. ಅದಾದ ಮೇಲೆ ಶಾಲೆ ಮುಗಿಸಿದ ಹುಡುಗಿಯರಿಗೆ ಇದೇ ಕಾದಂಬರಿ ಬಹುಮಾನ. ಕೆಂಪು ರಿಬ್ಬನ್ ಕಟ್ಟಿದ ಪ್ರತಿಗಳು ಮೇಜಿನ ಮೇಲೆ ಕಾದಿದ್ದವು. ಅದರಲ್ಲೊಂದು ಉಲ್ಕಾನಳ ಮೊಮ್ಮಗಳು ಮೇರಿಮ್‌ಗೆ. ಈ ವಾರವೆಲ್ಲ ಅವರ ಮನೆ ಬಾಗಿಲಲ್ಲಿ ಯಾರದೋ ಬಿಳಿ ಕಾರು ಸುಮ್ಮಸುಮ್ಮನೆ ಸುತ್ತು ಹಾಕುತ್ತಿತ್ತು. ಅದರೊಳಗಿನ ಪಡ್ಡೆ ಹುಡುಗರ ಕಣ್ಣು ಯಾರ ಮೇಲಿದೆಯೆಂದು ಅಜ್ಜಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಉಲ್ಕಾನ್ ಎದ್ದಳು. "ಈ ಚಳಿಗಾಲದಲ್ಲಿ ಮೂರು ಪುಸ್ತಕ ಓದ್ದೆ. ಒಂದು ಪತ್ತೇದಾರಿ. ಕೊಲೆ ಮಾಡಿದ್ದು ಡಾಕ್ಟ್ರು ಅಂತ ನಂಗೆ ಶುರುನಲ್ಲೇ ಗೊತ್ತಾಯ್ತು, ಆ ದಡ್ಡ ಪತ್ತೇದಾರನಿಗೆ ಗೊತ್ತಾಗೋ ಹೊತ್ತಿಗೆ ಇನ್ನಿಬ್ರು ಸತ್ರು. ಎರಡನೇದು ಒಂದು ಕುದುರೆ ಕತೆ. ಕಟ್ಟಿಹಾಕಿದ ಕುದುರೆ ಹಗ್ಗ ಕಡ್ಕೊಂಡು ಓಡಿಹೋಗುತ್ತೆ. ಬರೆದೋನು ಕುದುರೆ ಪರ ಇದ್ದ. ನಾನು ಅತ್ತೇಬಿಟ್ಟೆ. ಮೂರನೇದು ಇವ್ರದ್ದು."

"ಇದರಲ್ಲೂ ಅತ್ರಾ, ಅಪಾ?" ಎಸೆನ್‌ಕುಲ್ ಸಂತೋಷದಿಂದ ಮುಂದೆ ಬಾಗಿದ.

"ಇಲ್ಲಪ್ಪ. ಮೈ ಉರಿದುಹೋಯ್ತು. ಓದೋಕೆ ಹೊರಟಿದ್ದ ಹುಡುಗೀನ ನಾಲ್ಕು ಜನ ಗಂಡಸರು ಎತ್ತಿ ಕಾರಿಗೆ ತುಂಬ್ತಾರೆ. ಗಂಡಿನ ಮನೆ ಹೆಂಗಸರು ಹಿಡ್ಕೊಂಡು ತಲೆಗೆ ಬಿಳಿ ವಸ್ತ್ರ ಕಟ್ತಾರೆ. ಕಟ್ಟಿದ್ರೆ ಮುಗೀತು, ಅದೇ ಮದುವೆ. ಓಡಿಹೋಗ್ದೆ ಇರ್ಲಿ ಅಂತ ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗ್ತಾಳೆ. ಹಿರಿಯೋಳನ್ನ ದಾಟಿದ್ರೆ ಶಾಪ ಅಲ್ವಾ? ಇಷ್ಟನ್ನೂ ಹಾಲು ಜೇನು ಬೆರೆಸಿ ಬರ್ದಿದ್ದೀರಿ. ಆ ಕುದುರೆಗಿದ್ದಷ್ಟು ಮನಸ್ಸೂ ಈ ಹುಡುಗಿಗಿಲ್ಲ!"

"ಅದು ಪ್ರೀತಿ, ಅಪಾ, ನಮ್ಮ ಸಂಪ್ರದಾಯ. 'ಕಲ್ಲಿಗೆ ಬಿದ್ದ ಜಾಗದಲ್ಲೇ ಭಾರ', ಹೆಣ್ಣಿಗೆ ಸೇರಿದ ಮನೇಲೇ ಬೆಲೆ ಅಂತ ಹಿರಿಯರು ಹೇಳಿಲ್ವಾ?"

"ಅದನ್ನ ಕಲ್ಲಿಗೇ ಹೇಳಿ. ನನ್ನನ್ನ ಹೊತ್ಕೊಂಡು ಬಂದ ದಿನ ನಂಗೂ ಅದನ್ನೇ ಹೇಳಿದ್ರು. ಬೆಳಗ್ಗೆ ಎದ್ದು ಚಹಾ ನಾನೂ ಬಗ್ಗಿಸ್ದೆ. ನಗಲಿಲ್ಲ. ಕೈ ನಡುಗಿ ಅತ್ತೆ ತೊಡೆ ಮೇಲೆ ಚೆಲ್ಲಿತು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ಬಾಯಿಬಿಟ್ಟರೆ ಸಭಾಮರ್ಯಾದೆಗೆ ಭಂಗ! ಗುಲ್‌ಸಾಯ್ರಾ ಓಡಿಬಂದು ಮುದುಕಿಯ ತೋಳು ಜಗ್ಗಿದಳು.

"ಕೂತ್ಕೊಳ್ಳಿ ಅಪಾ, ಅತಿಥಿ ಮುಂದೆ ಊರಿನ ಮಾನ ಕಳೀಬೇಡಿ."

"ಹುಡುಗೀರಿಗೆ ಆ ಪುಸ್ತಕ ಕೊಡಲ್ಲ ಅನ್ನು, ಕೂತ್ಕೋತೀನಿ."

"ಆರಿಸಿದ್ದು ನಾನಾ? ಮೇಲಿನೋರು!" ಎಂದ ಗುಲ್‌ಸಾಯ್ರಾ, ಯಾರ ಹೆಸರನ್ನೂ ಕೂಗದೆ, ಹರಕೆ ತೀರಿಸುವವಳಂತೆ, ಒಂದೊಂದು ಪ್ರತಿಯನ್ನು ಒಬ್ಬೊಬ್ಬ ಹುಡುಗಿಯ ಕೈಗೆ ತುರುಕಿದಳು. ಆಮೇಲೆ ಕಾದಂಬರಿಕಾರನ ಕಡೆ ತಿರುಗಿ ಮರ್ಯಾದೆಯಿಂದ, "ಅಗಾಯ್, ನೀವು ಹೊರಡಿ. ಊರ ಮುಖ್ಯಸ್ಥರ ಮನೇಲಿ ಕುರಿ ಬೇಯಿಸಿ ಕಾಯ್ತಿದ್ದಾರೆ."

ಎಸೆನ್‌ಕುಲ್ ಉಡುಗೊರೆಯಾಗಿ ಬಂದ ಬಿಳಿ ಉಣ್ಣೆ ಟೋಪಿಯನ್ನು ತಲೆಗಿಟ್ಟು ಬಾಗಿಲ ಕಡೆ ನಡೆದ. ಉಲ್ಕಾನ್ ಅವನಿಗಿಂತ ಮುಂಚೆ ಅಲ್ಲಿದ್ದಳು. ಕೋಟು ಬಿಚ್ಚಿ ಮಡಚಿ ತಲೆದಿಂಬು ಮಾಡಿಕೊಂಡು, ಮಂಡಿನೋವಿಗೆ ನರಳುತ್ತ, ಹೊಸ್ತಿಲಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿಬಿಟ್ಟಳು.

"ಏಳಿ ಅಪಾ, ತಮಾಷೆ ಸಾಕು. ನಾನು ಹೋಗ್ಬೇಕು."

"ಹೋಗಿ. ಬಾಗಿಲು ತೆಗ್ದೇ ಇದೆ. ಯಾರು ಹಿಡ್ಕೊಂಡಿದ್ದಾರೆ?"

ಎಸೆನ್‌ಕುಲ್ ಒಂದು ಕಾಲೆತ್ತಿದ. ಇಡೀ ಸಭೆ ಆ ಕಾಲನ್ನೇ ನೋಡಿತು. ಅವನು ಅದನ್ನು ಮೆಲ್ಲಗೆ ಇದ್ದಲ್ಲಿಗೇ ಇಳಿಸಿದ. ಕಿಟಕಿಗಳ ಕಡೆ ನೋಡಿದ, ಎಲ್ಲದಕ್ಕೂ ಸರಳು. ಎಷ್ಟು ಬೇಡಿಕೊಂಡರೂ ಮುದುಕಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಕೊನೆಗೆ ಅವನ ತಾಳ್ಮೆ ಕೆಟ್ಟಿತು.

"ಇದು ಅನ್ಯಾಯ! ಬಲವಂತವಾಗಿ ನನ್ನನ್ನ ಕೂಡಿಹಾಕೋಕೆ ನೀವ್ಯಾರು? ನಾನೇನು ನಿಮ್ಮ ಮನೆ ಕುರಿನಾ?"

ಹುಡುಗಿಯರ ಸಾಲಿನಿಂದ ಮೇರಿಮ್ ಎದ್ದು ಬಂದಳು. ಕೈಯಲ್ಲಿದ್ದ ಪುಸ್ತಕವನ್ನು, ರಿಬ್ಬನ್ ಕೂಡ ಬಿಚ್ಚದೆ, ಮೇಜಿನ ಮೇಲೆ ವಾಪಸ್ಸಿಟ್ಟಳು. ಪಕ್ಕದಲ್ಲಿದ್ದ ಸಮೋವರ್‌ನಿಂದ ಬಟ್ಟಲಿಗೆ ಚಹಾ ಬಗ್ಗಿಸಿದಳು. ಅವಳ ಕೈ ನಡುಗಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಾದಂಬರಿಕಾರನ ಮುಂದೆ ಒಡ್ಡಿದಳು.

"ಕುಡೀರಿ ಅಗಾಯ್. ಬೆಳಗಾಗೋ ಅಷ್ಟರಲ್ಲಿ ಅಭ್ಯಾಸ ಆಗುತ್ತೆ."