ಹುಣಸೆ ಗಿಡದ ಸಾಲು

“ಚೆಟ್ಟಿನ ತುಂಬ ಹುಣಸೆಕಾಯಿ” ಎಂದು ಮೌನಿಕಾ ತನ್ನ ಪದ್ಯದ ಮೂರನೆಯ ಸಾಲು ಓದಿದ್ದೇ ತಡ, ಐದನೇ ತರಗತಿ ಗೊಳ್ಳೆಂದಿತು. ಚೆಟ್ಟು ಎಂಬುದು ತೆಲುಗು, ಕನ್ನಡದಲ್ಲಿ ಅದು ಮರ. ತಮಾಷೆಯೆಂದರೆ, ಬೆಳಗಾದರೆ ಮನೆಯಲ್ಲಿ ಚೆಟ್ಟು ಚೆಟ್ಟು ಅನ್ನುವ ಮಹಾಶಯರೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು.

ವಜೀರುನ್ನೀಸಾ ಮಿಸ್ ಮಾತ್ರ ನಗಲಿಲ್ಲ. ಉರ್ದು ಮನೆಯಲ್ಲಿ ಹುಟ್ಟಿ ಕನ್ನಡ ಟೀಚರ್ ಆದವರು ಅವರು. ಇಂಥ ನಗು ಎಷ್ಟು ಚುರುಕ್ಕೆನ್ನುತ್ತದೆಂದು ಚೆನ್ನಾಗಿ ಬಲ್ಲರು. ಆದರೆ ನಿಯಮ ನಿಯಮವೇ ತಾನೆ. ಪದಗಳೆಲ್ಲ ಕನ್ನಡದವೇ ಇರಬೇಕು, ಪದ್ಯಕ್ಕೆ ನಾಲ್ಕು ಸಾಲು, ಸಾಲಿಗೆ ಹತ್ತು ಬೆರಳಿನಲ್ಲಿ ಎಣಿಸುವ ಹತ್ತು ಅಕ್ಷರ, ಎರಡನೇ ಅಕ್ಷರದಲ್ಲಿ ಪ್ರಾಸ: ಬೆಟ್ಟ ಎಂದು ಶುರುಮಾಡಿದರೆ ತಟ್ಟೆ, ಹೊಟ್ಟೆ ಹೀಗೆಯೇ ಮುಂದುವರಿಯಬೇಕು. ಸಂಜೆ ಬೆಲ್ ಹೊಡೆಯುವಷ್ಟರಲ್ಲಿ ಸರಿಹೋದ ಪದ್ಯಗಳು ಗೋಡೆ ಪತ್ರಿಕೆಗೆ, ಉಳಿದವು ಮುಂದಿನ ತಿಂಗಳಿಗೆ. ಪಾಪ, ಮೌನಿಕಾಳ ಪದ್ಯ ಆಗಲೇ ಎರಡು ಸಲ ಮುಂದಿನ ತಿಂಗಳಿಗೆ ಹೋಗಿತ್ತು. ಈ ಸಲವೂ ಹೋದರೆ ನಾನು ಸ್ಕೂಲಿಗೇ ಬರಲ್ಲ ಎಂದು ಬೆಳಿಗ್ಗೆಯೇ ಸಾರಿಬಿಟ್ಟಿದ್ದಳು.

ಬೋರ್ಡಿನ ಮೇಲೆ ಪದ್ಯ ಹೀಗಿತ್ತು:

ಬೆಟ್ಟದ ಕೆಳಗೆ ನಮ್ಮ ಮನೆ
ತಟ್ಟೆಯಲಿ ಬಿಸಿ ರಾಗಿಮುದ್ದೆ
ಚೆಟ್ಟಿನ ತುಂಬ ಹುಣಸೆಕಾಯಿ
ಹೊಟ್ಟೆ ತುಂಬ ನಗು ನಮಗೆಲ್ಲ

‘ಮರದ ತುಂಬ’ ಎಂದರೆ ಎಣಿಕೆ ಸರಿಹೋಗುತ್ತದೆ, ಪ್ರಾಸ ಕೈಕೊಡುತ್ತದೆ. ಮಿಸ್ ಒಂದು ಗಳಿಗೆ ಯೋಚಿಸಿ, ‘ಬುಟ್ಟಿಯ ತುಂಬ’ ಎಂದು ತಿದ್ದಿದರು. ಎರಡೂ ಕೂತವು. ತಮ್ಮ ಜಾಣತನಕ್ಕೆ ತಾವೇ ಖುಷಿಪಟ್ಟು ತಿರುಗಿ ನೋಡಿದರೆ ಹುಡುಗಿಯ ಮುಖ ಊದಿಕೊಂಡಿತ್ತು.

“ಬುಟ್ಟಿಗಾಕಿದ್ರೆ ಸಂತೆಗೆ ಹೋಗ್ತದೆ ಮಿಸ್. ನಮ್ಮದು ಮಾರಲ್ಲ. ಯಾರು ಬೇಕಾದ್ರೂ ಬಂದು ಕಿತ್ಕೊಂಡು ತಿಂತಾರೆ.”

“ಪದ್ಯ ಕಣಮ್ಮ ಇದು. ಸ್ವಲ್ಪ ಹೆಚ್ಚುಕಮ್ಮಿ ನಡೀತದೆ.”

“ಸುಳ್ಳೂ ನಡೀತದಾ ಮಿಸ್?”

ಹದಿನಾರು ವರ್ಷದ ಸರ್ವಿಸಿನಲ್ಲಿ ಇಂಥ ಪ್ರಶ್ನೆಯನ್ನು ಯಾವ ಇನ್‌ಸ್ಪೆಕ್ಟರೂ ಕೇಳಿರಲಿಲ್ಲ. ಮಿಸ್ ತೆಪ್ಪಗೆ ಬುಟ್ಟಿಯನ್ನು ಅಳಿಸಿ, ಹಾಗಾದರೆ ನೀನೇ ಹುಡುಕಮ್ಮ ಎಂದರು. ಮೌನಿಕಾ ಹೊಸ್ತಿಲ ಮೇಲೆ ಕೂತು ಬೆರಳು ಮಡಿಸತೊಡಗಿದಳು. ಬರೆದಳು, ಉಜ್ಜಿದಳು, ಮತ್ತೆ ಬರೆದಳು. ನೋಟ್‌ಬುಕ್ಕಿನ ಹಾಳೆ ಸವೆದು ತೂತಾಯಿತು. ಬೆಲ್‌ಗೆ ಹತ್ತು ನಿಮಿಷವಿದೆ ಎನ್ನುವಾಗ ಎದ್ದು ಓಡಿಬಂದು ಒಂದೇ ಉಸಿರಿಗೆ ಒಪ್ಪಿಸಿದಳು: “ನೆಟ್ಟಳು ಅಜ್ಜಿ ಹುಣಸೆ ಗಿಡ.”

ಮಿಸ್ ಎರಡು ಸಲ ಎಣಿಸಿದರು. ಹತ್ತಕ್ಕೆ ಹತ್ತು, ಪ್ರಾಸವೂ ಸರಿ. ಅಬ್ಬ, ಎಂಥ ಸಾಲು! ಚಾರ್ಟಿನ ಮೇಲೆ ಹಸಿರು ಸ್ಕೆಚ್ ಪೆನ್ನಿನಲ್ಲಿ ತಾವೇ ಪದ್ಯ ಬರೆದು, ಕೆಳಗೆ ಅವಳ ಹೆಸರು ಹಾಕಿದರು.

ಅಷ್ಟರಲ್ಲಿ ಮೌನಿಕಾ ಅಜ್ಜಿಯನ್ನೇ ಎಳೆದು ತಂದಿದ್ದಳು. ಆ ಶಾಲೆಯ ಬಿಸಿಯೂಟದ ಅಡುಗೆಯವರಾದ ರಾಮಲಕ್ಷ್ಮಮ್ಮನೇ ಅವಳ ಅಜ್ಜಿ. ಹಿಂದುಗಡೆ ಪಾತ್ರೆ ಉಜ್ಜುತ್ತಿದ್ದವರು ಒದ್ದೆ ಕೈಯಲ್ಲೇ ಬಂದು ನಿಂತರು. ಅವರಿಗೆ ಓದಲು ಬಾರದು, ಮೊಮ್ಮಗಳೇ ಓದಿ ಹೇಳಿದಳು. ಮೊದಲೆರಡು ಸಾಲಿಗೆ ತಲೆ ತೂಗಿದ ಅಜ್ಜಿ ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿದರು.

“ಲೇದಮ್ಮ, ನಾನೆಲ್ಲಿ ನೆಟ್ಟೆ? ಯಾರೋ ತಿಂದು ಉಗಿದ ಬೀಜ, ತಾನಾಗೇ ಹುಟ್ಟಿದ್ದು. ಒಂದು ಚೊಂಬು ನೀರೂ ಹುಯ್ದೋಳಲ್ಲ ನಾನು. ಆ ಮರ ಕೇಳಿಸ್ಕೊಂಡ್ರೆ ನಗಲ್ವಾ?”

ಇನ್ನು ಹುಡುಗಿ ಅಳುತ್ತಾಳೆ ಎಂದುಕೊಂಡರು ಮಿಸ್. ಮೌನಿಕಾ ಅಳಲಿಲ್ಲ. ತುಟಿ ಆಡುತ್ತಿತ್ತು, ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು.

“ಹುಟ್ಟಿತು ತಾನೇ ಹುಣಸೆ ಗಿಡ.”

ಆಗ ನಕ್ಕವರೆಲ್ಲ ಈಗ ತಮ್ಮ ತಮ್ಮ ಬೆರಳಲ್ಲಿ ಎಣಿಸಿ ನೋಡಿದರು. ಹತ್ತು ಬಂದದ್ದೇ ಚಪ್ಪಾಳೆ ಬಿತ್ತು. ಬೆಲ್ ಹೊಡೆಯಿತು, ಒಬ್ಬರೂ ಕದಲಲಿಲ್ಲ. ಮಿಸ್ ನಗುತ್ತಲೇ ಬಿಳಿ ಹಾಳೆಯ ಪಟ್ಟಿಯೊಂದನ್ನು ಕತ್ತರಿಸಿ, ಹಳೆಯ ಸಾಲಿನ ಮೇಲೆ ಗೋಂದು ಹಚ್ಚಿ ಅಂಟಿಸಿ, ಹೊಸ ಸಾಲು ಬರೆದರು.

ಚಾರ್ಟನ್ನು ಗೋಡೆಗೆ ಏರಿಸಬೇಕು, ಅಷ್ಟರಲ್ಲಿ ಮೌನಿಕಾ ಪೆನ್ನು ಇಸಿದುಕೊಂಡಳು. ತನ್ನ ಹೆಸರಿನ ಕೆಳಗೆ ಉಳಿದಿದ್ದ ಒಂದಿಷ್ಟು ಜಾಗದಲ್ಲಿ, ನಾಲಿಗೆ ಕಚ್ಚಿಕೊಂಡು, ದುಂಡಗೆ ಬರೆದಳು: “ತಿದ್ದಿದವರು: ರಾಮಲಕ್ಷ್ಮಮ್ಮ.”