ನಳಿಗೆಯ ಮೇಲಿನ ತೂತು

ಟೋಪಿಯನ್ನು ಹಣೆಗಿಳಿಸಿ ಕಪ್ಪು ಕನ್ನಡಕ ಹಾಕಿದ್ದ ಗಿರಾಕಿ ಪಿಸ್ತೂಲನ್ನು ಮೇಜಿನ ಮೇಲಿಟ್ಟಾಗ, ನಲವತ್ತು ವರ್ಷ ಕೋವಿ ರಿಪೇರಿಯಲ್ಲೇ ಕೈ ಸವೆಸಿದ್ದ ಐತಪ್ಪಾಚಾರ್ರ ಮುಖ ಅರಳಿತು. ನಳಿಗೆಯ ತುದಿಯಲ್ಲಿ, ಮೇಲ್ಗಡೆಗೆ ಮೂರು ತೂತುಗಳಿದ್ದವು.

"ಈ ತೂತು ಯಾಕೆ ಆಚಾರ್ರೇ?"

"ಹೊಡೆದಾಗ ಹೊಗೆ, ಬೆಂಕಿ ಇದರಲ್ಲಿ ಮೇಲಕ್ಕೆ ನುಗ್ತದೆ. ಆ ಒತ್ತಡಕ್ಕೆ ಮೂತಿ ಎಗರುವುದಿಲ್ಲ. ಎರಡನೇ ಗುಂಡೂ ಇಟ್ಟ ಗುರಿಗೇ ಹೋಗ್ತದೆ."

"ತೊಂದ್ರೆ ಏನೂ ಇಲ್ವಾ?"

"ಉಂಟು ಮಾರಾಯ್ರೇ. ಶಬ್ದ ಜಾಸ್ತಿ. ಕೈ ಚಾಚಿ ಹೊಡೆದರೆ ಸರಿ. ಇಕ್ಕಟ್ಟಲ್ಲಿ ಎದೆಗೊತ್ತಿ ಹಿಡಿದು ಹೊಡೆದರೆ ಆ ಬೆಂಕಿ ಹೊಡೆದವನ ಮುಖಕ್ಕೇ. ಮೊನ್ನೆ ವಕೀಲರನ್ನು ಕಾರಿನೊಳಗೆ ಕೊಂದರಲ್ಲ, ಕಾರಿನ ಚಾವಣಿಗೆ ಒಳಗಿನಿಂದ ಮಸಿ ಹಿಡಿದದ್ದು ಪೇಪರಿನ ಫೋಟೋದಲ್ಲಿ ಕಂಡೆ. ಇಂಥದ್ದೇ ಪಿಸ್ತೂಲು. ಕೊಂದವನ ಮುಖವೂ ಸುಟ್ಟಿರ್ಲೇಬೇಕು."

ಗಿರಾಕಿ ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಮುಂದೆ ಮಾಡಿದ. "ಧೂಳು" ಎಂದ. ಆಮೇಲೆ ಕೇಳಿದ, "ಪೊಲೀಸ್ನೋರಿಗೆ ಇದು ಗೊತ್ತಾ?"

"ಅವರಿಗೆಂತ ಗೊತ್ತು! ಈ ತಾಲೂಕಲ್ಲಿ ಆ ಮಸಿ ನೋಡಿ ಹೇಳುವವ ನಾನೊಬ್ಬನೇ." ಆಚಾರ್ರು ಎದೆಯುಬ್ಬಿಸಿ ನಕ್ಕರು. "ಸಂಜೆ ಠಾಣೆಗೆ ಹೋಗಿ ಹೇಳಿ ಬರ್ತೇನೆ."

"ಇಷ್ಟು ತಿಳ್ಕೊಳ್ಳೋಕೇ ಬಂದಿದ್ದೆ."

ಗಿರಾಕಿ ಪಿಸ್ತೂಲನ್ನು ತನ್ನತ್ತ ಎಳೆದುಕೊಂಡು, ಟೋಪಿ, ಕನ್ನಡಕ ಎರಡನ್ನೂ ತೆಗೆದಿಟ್ಟ. ಅವನ ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ.