ಕಿವಿಯಣ್ಣನ ತೀರ್ಪು

"ಯಾವ ಸದ್ದು ಸ್ವಾಮಿ? ನನಗೂ ಒಂಚೂರು ಕೇಳಿಸಿ" ಎನ್ನುತ್ತಾ ತಯಾರಕ ನಿಶ್ಶಬ್ದ ಕೋಣೆಯ ಕುರ್ಚಿಯಲ್ಲಿ ಕೂತೇಬಿಟ್ಟ. ಕಂಪ್ಯೂಟರಿನ ಪ್ರೊಸೆಸರನ್ನು ತಣ್ಣಗಿಡುವ ಅವನ ಕೂಲರ್ ಈ ಪರೀಕ್ಷಾ ಕೇಂದ್ರದಿಂದ ಎರಡು ಸಲ ವಾಪಸಾಗಿತ್ತು. ಎರಡು ಸಲವೂ ಒಂದೇ ಷರಾ: 'ಸಣ್ಣ ಕೀರಲು ಸದ್ದಿದೆ.' ಎರಡು ಸಲವೂ ಫ್ಯಾನಿನ ಬೇರಿಂಗ್ ಬದಲಾಯಿಸಿ ತಂದಿದ್ದ. ಮೂರನೆಯ ಸಲವೂ ಹೀಗೇ ಆದರೆ ಏಳು ಜನರ ಪುಟ್ಟ ಕಾರ್ಖಾನೆಗೆ ಬೀಗ ಹಾಕುವುದೊಂದೇ ದಾರಿ.

ಷರಾ ಬರೆದವನು ಕಿವಿಯಣ್ಣ. ಮೀಟರಿಗೆ ಸಿಗದ ಸದ್ದೂ ಅವನ ಕಿವಿಗೆ ಸಿಗುತ್ತದೆಂಬ ಖ್ಯಾತಿಯಲ್ಲಿ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಅಂಕಿಗಳೆಲ್ಲ ಸರಿಯಿದ್ದರೂ ಸರಿಯೇ, ಕೊನೆಗೆ ಅವನು ಒಂದು ಮೊಳ ದೂರದಿಂದ ಕಿವಿಗೊಟ್ಟು ಕೇಳಿ, ತಲೆಯಾಡಿಸಿದರೆ ಮಾತ್ರ ಮೊಹರು ಬೀಳುತ್ತಿತ್ತು.

ಆ ಕಿವಿ ಕೈಕೊಟ್ಟು ಎರಡು ವರ್ಷವಾಗಿತ್ತು. ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು. ಯಾರಿಗಾದರೂ ಹೇಳೋಣವೆಂದರೆ ನಾಚಿಕೆ. ಕಿವಿಯೇ ಹೋದ ಮೇಲೆ ಕಿವಿಯಣ್ಣನಿಗೆ ಉಳಿಯುವುದೇನು? ಅದಕ್ಕೇ ಒಂದು ಉಪಾಯ ಹುಡುಕಿಕೊಂಡಿದ್ದ. ಎದುರು ಮೇಜಿನಲ್ಲಿ ಕೂತು ಉಷ್ಣಾಂಶ ಬರೆದುಕೊಳ್ಳುವ ಸಹೋದ್ಯೋಗಿ ಹೆಂಗಸಿನ ಕಿವಿ ಚೆನ್ನಾಗಿತ್ತು. ಅವಳ ಹುಬ್ಬು ಗಂಟಿಕ್ಕಿದರೆ ಸದ್ದಿದೆ, ಇಲ್ಲವಾದರೆ ಇಲ್ಲ. ಹೀಗೆ ಅವಳ ಕಿವಿಯಲ್ಲಿ ಕೇಳಿ, ತನ್ನ ಬಾಯಲ್ಲಿ ಹೇಳುತ್ತಾ ಕಾಲ ತಳ್ಳುತ್ತಿದ್ದ.

"ಅರವತ್ತೆಂಟು ಡಿಗ್ರಿ, ಅಣ್ಣ. ಅರ್ಧ ಗಂಟೆಯಿಂದ ಕದಲಿಲ್ಲ" ಎಂದಳು ಅವಳು. "ಮೀಟರಲ್ಲಿ ಇಪ್ಪತ್ತೆರಡು ಡೆಸಿಬೆಲ್. ಇಷ್ಟು ಚೆನ್ನಾಗಿರೋದು ಈ ವರ್ಷ ಬಂದೇ ಇಲ್ಲ."

ಕಿವಿಯಣ್ಣ ಬಗ್ಗಿ, ಉಸಿರು ಬಿಗಿಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಕಿವಿಗೆ ತಂದುಕೊಂಡ. ಏನೂ ಇಲ್ಲ. ಓರೆಗಣ್ಣಿನಲ್ಲಿ ಎದುರು ಮೇಜು ನೋಡಿದ. ಅವಳ ಹುಬ್ಬು ಗಂಟಿಕ್ಕಿತ್ತು.

"ಇದೆ" ಎಂದ ನಿಟ್ಟುಸಿರಿಟ್ಟು. "ಸಣ್ಣಗೆ ಕೀರ್ ಅಂತಿದೆ."

ತಯಾರಕನ ಮುಖ ಬಾಡಿತು. ಮೆಲ್ಲಗೆ ಅವಳ ಕಡೆ ತಿರುಗಿ ಕೇಳಿದ: "ನಿಮಗೆ ಕೇಳಿಸ್ತಾ ತಾಯಿ?"

"ಅಯ್ಯೋ, ನನಗೆಲ್ಲಿ ಕೇಳಿಸ್ಬೇಕು! ಅಷ್ಟು ಸೂಕ್ಷ್ಮದ್ದೆಲ್ಲ ಅಣ್ಣನಿಗೇ ಕೇಳೋದು. ಅವರು ಹಣೆ ಗಂಟು ಹಾಕಿದ್ರು ಅಂದ್ರೆ ಸದ್ದಿದೆ ಅಂತಾನೇ ಲೆಕ್ಕ. ಅದನ್ನ ನೋಡಿದಾಗೆಲ್ಲ, ಪಾಪ ಈ ಕೂಲರೂ ವಾಪಸ್ ಹೋಯ್ತಲ್ಲ ಅಂತ ನನ್ನ ಮುಖವೂ ಗಂಟಾಗುತ್ತೆ."

ಕಿವಿಯಣ್ಣ ತನ್ನ ಹಣೆ ಮುಟ್ಟಿ ನೋಡಿಕೊಂಡ. ಜೋರು ಸದ್ದಿನ ಕೂಲರುಗಳು ಹೇಗೂ ಮೀಟರಿಗೇ ಸಿಕ್ಕಿಬೀಳುತ್ತಿದ್ದವು. ಸದ್ದು ಕಡಿಮೆಯಿದ್ದಷ್ಟೂ ಅವನು ಹೆಚ್ಚು ತಿಣುಕಿ ಕೇಳುತ್ತಿದ್ದ, ಹಣೆ ಅಷ್ಟೂ ಗಂಟಾಗುತ್ತಿತ್ತು. ಅಂದರೆ ಒಳ್ಳೊಳ್ಳೆಯವೇ ವಾಪಸ್ಸು ಹೋಗಿದ್ದವು.

"ಇನ್ನೊಂದು ಸಲ ಕೇಳಮ್ಮ" ಎಂದ. "ನನ್ನ ಮುಖ ನೋಡ್ಬೇಡ. ಕಣ್ಣು ಮುಚ್ಚಿಕೋ."

ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. "ಗಾಳಿ ಸುಯ್ ಅನ್ನೋದು ಬಿಟ್ರೆ ಏನೂ ಇಲ್ಲ, ಅಣ್ಣ."

ಕಿವಿಯಣ್ಣ ಮೊಹರು ಒತ್ತಿ, ಕಾಗದವನ್ನು ಎರಡೂ ಕೈಯಲ್ಲಿ ತಯಾರಕನಿಗೆ ಕೊಟ್ಟ. "ನನಗೆ ಎರಡು ವರ್ಷದಿಂದ ಸರಿಯಾಗಿ ಕೇಳಿಸ್ತಿಲ್ಲ. ತಪ್ಪಾಯ್ತು. ಇವತ್ತೇ ಮೇಲಿನವರಿಗೂ ಹೇಳ್ತೀನಿ." ಹೇಳಿದ ಮೇಲೆ ಎದೆ ಹಗುರಾದದ್ದು ಅವನಿಗೇ ಆಶ್ಚರ್ಯ.

ತಯಾರಕ ರೇಗಬಹುದಿತ್ತು, ರೇಗಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಕೇಳಿದ: "ಹೀಗೆ ವಾಪಸ್ ಹೋದವರು ಇನ್ನೂ ಇರ್ಬೇಕಲ್ಲ. ಅವರು ಯಾರೂ ಬಂದು ಜಗಳ ಆಡ್ಲಿಲ್ವಾ?"

"ಹದಿನಾಲ್ಕು ಜನ. ಒಬ್ಬರೂ ಬರಲಿಲ್ಲ" ಎಂದ ಕಿವಿಯಣ್ಣ. "ಮೂರು ಜನ ಕಾಗದ ಬರೆದಿದ್ರು. 'ನೀವು ಹೇಳಿದ ಮೇಲೆ ನಮಗೂ ಆ ಸದ್ದು ಕೇಳಿಸ್ತು' ಅಂತ."